ಕತ್ತು ಪಕ್ಕಕ್ಕೆ ಮಡಿಸುವ ವಂಶ

ನಮ್ಮ ಕೆರೆಯ ಆಮೆ ಕತ್ತನ್ನು ನೇರ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅಮೆಜಾನ್, ಒರಿನೊಕೊ ನದಿಗಳ ಅರಾವ್ ಆಮೆ ಅದನ್ನು ಪಕ್ಕಕ್ಕೆ ಮಡಿಸಿ ಚಿಪ್ಪಿನಂಚಿನಡಿ ಇಟ್ಟುಕೊಳ್ಳುತ್ತದೆ. ಎಂಥ ಚೆಂದದ ಉಪಾಯ! ಪ್ಲೂರೊಡೈರಾ ಎಂಬ ಇಡೀ ಬಳಗಕ್ಕೆ ಈ ಮಡಿಕೆಯೇ ಗುರುತು. ಚಿಪ್ಪಿಗೆ ಬೆಸೆದುಕೊಂಡ ಸೊಂಟದ ಮೂಳೆ ಇನ್ನೊಂದು ಗುರುತು.

ಅರಾವ್ ಸೇರಿದ ಪೊಡೊಕ್ನೆಮಿಡಿಡೇ ಕುಟುಂಬದಲ್ಲಿ ಇಂದು ಉಳಿದಿರುವುದು 8 ಪ್ರಭೇದ: 7 ದಕ್ಷಿಣ ಅಮೆರಿಕದಲ್ಲಿ, ಒಂದು ಮಡಗಾಸ್ಕರ್‌ನಲ್ಲಿ. ಹಿಂದೆ ಈ ಬಳಗ ಎಷ್ಟು ದೂರ ಹಬ್ಬಿತ್ತೆಂದು ಪಳೆಯುಳಿಕೆಗಳು ಹೇಳುತ್ತವೆ. ಮುಂಬೈಯ ಲಾವಾ ಪದರಗಳ ನಡುವಿನ ಕಲ್ಲಿನಲ್ಲೂ ಪಕ್ಕಗೊರಳಿನ ಆಮೆಗಳ ಅವಶೇಷ ಸಿಕ್ಕಿವೆ. 1976ರಲ್ಲಿ ಹೆಸರು ಪಡೆದ ವೆನೆಜುವೆಲಾದ ಸ್ಟುಪೆಂಡೆಮಿಸ್‌ನ ಚಿಪ್ಪಂತೂ ಸುಮಾರು 2.4 ಮೀಟರ್ ಉದ್ದ. ಗಂಡಿನ ಚಿಪ್ಪಿಗೆ ಮುಂದೆ ಕೊಂಬುಗಳೂ ಇದ್ದವು.

ಡೈನೊಸಾರ್‌ಗಳ ಕಾಲದಿಂದ ಬಾಳಿ ಬಂದ ಈ ವಂಶವನ್ನು ಮಾಂಸ, ಮೊಟ್ಟೆಗಳ ಆಸೆಗೆ ಬಲಿಕೊಡದೆ ಉಳಿಸಿಕೊಳ್ಳಬೇಕು.