ಯಾರ ಕಡೆಯೋರು ನೀವು?

ನಮ್ಮ ದಲಿತ-ಬಂಡಾಯ ಕಾವ್ಯ ಅಸ್ಪೃಶ್ಯತೆಯ ಜಾಗಗಳನ್ನು ಪಟ್ಟಿ ಮಾಡಿಕೊಂಡೇ ಹುಟ್ಟಿದ್ದು. ಕೆರೆ, ಬಾವಿ, ಗುಡಿ, ಹೋಟೆಲಿನ ಲೋಟ, ಸ್ಕೂಲಿನ ಬಾಗಿಲು, ಕ್ಷೌರದಂಗಡಿ. 1975ರ 'ಹೊಲೆಮಾದಿಗರ ಹಾಡು' ಬಂದಾಗಿನಿಂದ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದಾಗಿನಿಂದ ಈ ಪಟ್ಟಿ ಬೆಳೆಯುತ್ತಲೇ ಇದೆ. ಬೆಳೆಯಬೇಕಾದ್ದೇ. ಆದರೆ ಒಂದು ಜಾಗ ಮಾತ್ರ ನಮ್ಮ ಪದ್ಯಗಳ ಒಳಕ್ಕೆ ಸರಿಯಾಗಿ ಬಂದೇ ಇಲ್ಲ. ಅದು ಆಸ್ಪತ್ರೆಯ ತುರ್ತು ವಿಭಾಗದ ಹೊರಗಿನ ಬೆಂಚು. ಕುಣಿಗಲ್ ಕೆರೆ ಮೇಲಿನ ಹಾಡು ಎಲ್ಲರ ಬಾಯಲ್ಲೂ ಇದೆ. ಕುಣಿಗಲ್ಲಿಂದ ರಾತ್ರಿ ಹೊತ್ತು ಸುಡೋ ಮೈಯ ಮಗು ಎತ್ತಿಕೊಂಡು ತುಮಕೂರಿಗೆ ಬರುವವರ ಹಾಡು ಯಾರ ಬಾಯಲ್ಲಿದೆ? ಕಾಯುವುದು ನಮ್ಮ ಜನರ ದಿನನಿತ್ಯದ ಕೆಲಸ. ಕಾಯುವುದನ್ನು ಹಿಂಸೆ ಅಂತ ಗುರುತಿಸದ ವಿಮರ್ಶೆ ನಮ್ಮ ವಿಮರ್ಶೆ ಹೇಗಾದೀತು?

ಮೊದಲು ನವ್ಯರನ್ನು ನೋಡೋಣ. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂತು. ಇಡೀ ಕಾದಂಬರಿಯೇ ಒಂದು ಕಾಯುವಿಕೆ. ಪ್ಲೇಗಿನಲ್ಲಿ ಸತ್ತ ನಾರಣಪ್ಪನ ಹೆಣ ದೂರ್ವಾಸಪುರದ ಅಗ್ರಹಾರದಲ್ಲಿ ಬಿದ್ದಿದೆ; ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆ ತೀರುವತನಕ ಎಲ್ಲರೂ ಉಪವಾಸ. ಆ ಹೆಣ ಕಾಯುವುದು ಧರ್ಮದ ಪ್ರಶ್ನೆಯಾಗುತ್ತದೆ, ತತ್ವದ ಪ್ರಶ್ನೆಯಾಗುತ್ತದೆ. ಅದೇ ಪ್ಲೇಗು ಹೊಲಗೇರಿಗೂ ಬರುತ್ತದೆ. ಅಲ್ಲಿ ಸತ್ತವರನ್ನು ಗುಡಿಸಲ ಸಮೇತ ಸುಟ್ಟುಬಿಡುತ್ತಾರೆ. ಅದಕ್ಕೆ ಕೆಲವೇ ಸಾಲು. ಅಗ್ರಹಾರದ ಪಾಖಂಡವನ್ನು ಬಯಲಿಗೆಳೆದ ಕೃತಿ ಅದು, ಆ ಮಾತು ಬೇರೆ. ಆದರೆ ಯಾರ ಹೆಣ ಕಾದರೆ ಕಾದಂಬರಿ, ಯಾರ ಹೆಣ ಬೆಂದರೆ ಬರೀ ಸುದ್ದಿ ಎಂಬುದು ಅಲ್ಲಿ ತೀರ್ಮಾನವಾಗಿಹೋಗಿದೆ. ಕೇರಿಯಲ್ಲಿ ಜ್ವರ ಬಂದವನು ಸಾಯೋಕೆ ಮುಂಚೆ ಯಾವ ಬಾಗಿಲಿಗೆ ಹೋದ, ಎಷ್ಟು ಹೊತ್ತು ನಿಂತ ಅಂತ ಆ ಕಾದಂಬರಿ ಕೇಳುವುದಿಲ್ಲ.

ಈ ಪ್ರಶ್ನೆ ಕೇಳಿದವರು ಬೆಸಗರಹಳ್ಳಿ ರಾಮಣ್ಣ. ಸ್ವತಃ ಸರ್ಕಾರಿ ಡಾಕ್ಟರು. ಮಂಡ್ಯ ಸೀಮೆಯ ಮಣ್ಣಿನ ಮಾತಿನಲ್ಲಿ ಬರೆದವರು. ಪಿಯು ಹುಡುಗರು ಪಠ್ಯದಲ್ಲಿ ಓದಿದ ಅವರ 'ಗಾಂಧಿ' ಕತೆ ನಮ್ಮ ಮೇಷ್ಟ್ರುಗಳಿಗೆಲ್ಲ ಗೊತ್ತು. ಗಾಂಧಿ ಅಂತ ಹೆಸರಿಟ್ಟುಕೊಂಡ ಬಡವರ ಹುಡುಗನಿಗೆ ಕಾಯಿಲೆ. ಸರ್ಕಾರಿ ಆಸ್ಪತ್ರೆ. ಕೈ ಚಾಚುವವರು. ಕೊನೆಗೆ ಗಾಂಧಿಯ ಸಾವು. ಒಳಗಿನವರೊಬ್ಬರು ಒಳಗಿನ ಕೊಳೆಯನ್ನು ಮುಲಾಜಿಲ್ಲದೆ ಹೇಳಿದ್ದು ಸಣ್ಣ ಸಂಗತಿಯಲ್ಲ. ಆದರೂ ನನ್ನದೊಂದು ತಕರಾರಿದೆ. ಆ ಹೆಸರು ಕತೆಯನ್ನು ಎಳೆದುಕೊಂಡು ಹೋಗುತ್ತದೆ. ಹುಡುಗ ಸತ್ತಾಗ ಓದುಗ ಅಳುವುದು ಹುಡುಗನಿಗಲ್ಲ, ಗಾಂಧಿಯ ಆದರ್ಶಕ್ಕೆ. ಕ್ಲಾಸಿನಲ್ಲೂ ಹಾಗೇ ಪಾಠ ಮಾಡುತ್ತೇವೆ: 'ಸ್ವತಂತ್ರ ಭಾರತದಲ್ಲಿ ಗಾಂಧಿ ಸತ್ತ ಎಂಬುದು ಧ್ವನಿ.' ಧ್ವನಿ ಸಿಕ್ಕಿದ ಕೂಡಲೇ ಹುಡುಗನ ಮೈ ಮರೆತುಹೋಗುತ್ತದೆ. ಬಡವರ ಮಗುವಿನ ಸಾವು ಸಂಕೇತವಾಗದೆ ಬರೀ ಸಾವಾಗಿಯೇ ಇದ್ದರೆ ಸಾಲದೇ? ಅದಕ್ಕೊಂದು ದೊಡ್ಡ ಹೆಸರಿನ ಶಿಫಾರಸು ಬೇಕೇ?

ಶಿಫಾರಸು ಬೇಕಿಲ್ಲದ ಬರವಣಿಗೆ ಹೇಗಿರುತ್ತದೆ ಅಂತ ತಿಳಿಯಲು ಅಂಬೇಡ್ಕರ್ ಅವರ 'ವೇಟಿಂಗ್ ಫಾರ್ ಎ ವೀಸಾ' ಓದಬೇಕು. 1930ರ ದಶಕದಲ್ಲಿ ಬರೆದದ್ದು, ಪುಸ್ತಕವಾಗಿ ಹೊರಬಂದದ್ದು 1990ರಲ್ಲಿ, ಬಾಬಾಸಾಹೇಬರು ತೀರಿಹೋಗಿ 34 ವರ್ಷದ ಮೇಲೆ. ಹೆಸರಲ್ಲೇ ಕಾಯುವಿಕೆ ಇದೆ. ಸ್ವಂತ ದೇಶದಲ್ಲಿ ವೀಸಾಕ್ಕಾಗಿ ಕಾಯುವವರ ಕತೆ. ಅದರಲ್ಲೊಂದು ಭಾಗ 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ'ದಲ್ಲಿ ಬಂದ ಪತ್ರ. ಬರೆದವನು ಕಾಠಿಯಾವಾಡದ ಹಳ್ಳಿಯೊಂದರ ಅಸ್ಪೃಶ್ಯ ಮೇಷ್ಟ್ರು. ಹೆಂಡತಿ ಹಸಿ ಬಾಣಂತಿ, ಉಸಿರು ಕಟ್ಟುತ್ತಿದೆ. ಡಾಕ್ಟರು ಕೇರಿಗೆ ಬರಲೊಲ್ಲ. ಊರ ದೊಡ್ಡವರ ಕಾಲು ಹಿಡಿದು, ಎರಡು ರೂಪಾಯಿ ಫೀಜಿಗೆ ಅವರ ಜಾಮೀನು ಕೊಡಿಸಿದ ಮೇಲೆ ಬಂದ. ಅದೂ ಕೇರಿ ಒಳಕ್ಕಲ್ಲ. ಬಾಣಂತಿಯನ್ನು ಹಸುಗೂಸಿನ ಜತೆ ಕೇರಿ ಆಚೆಗೆ ಹೊತ್ತು ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ. ಅವನು ಗಂಡನಿಗೆ ಕೊಟ್ಟ. ಗಂಡ ಹೆಂಡತಿಗೆ ಇಟ್ಟ. ಅದೇ ದಾರಿಯಲ್ಲಿ ವಾಪಸು ಹೋಯಿತು. ದೀಪದ ಬೆಳಕಲ್ಲಿ ನೋಡಿ ನ್ಯುಮೋನಿಯಾ ಅಂದ. ಆಕೆ ಉಳಿಯಲಿಲ್ಲ.

ಇಲ್ಲಿ ಸಂಕೇತವಿಲ್ಲ, ಪ್ರತಿಮೆಯಿಲ್ಲ. ಒಂದು ಥರ್ಮಾಮೀಟರು ಕೈಯಿಂದ ಕೈಗೆ ನಡೆದ ದಾರಿ ಇದೆ, ಅಷ್ಟೆ. ಜಾತಿ ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಖಚಿತವಾದ ವಿವರಣೆ ನನಗೆ ಸಿಕ್ಕಿಲ್ಲ. ಮದ್ದಿಗೂ ಮೈಗೂ ನಡುವೆ ಎಷ್ಟು ಕೈ ನಿಲ್ಲಿಸಿದ್ದಾರೆ ಅಂತ ಎಣಿಸಿದರೆ ಜಾತಿಯ ಲೆಕ್ಕ ಸಿಗುತ್ತದೆ.

ಈಗ ಹಾಗೆಲ್ಲ ಇಲ್ಲ ಅಂತಾರೆ. ಸರಿ, ಈಗಿನ ಡಾಕ್ಟರು ಮುಟ್ಟಿ ನೋಡ್ತಾರೆ. ಆದರೆ ಮುಟ್ಟುವ ಜಾಗಕ್ಕೆ ಹೋಗುವತನಕದ ದಾರಿಯನ್ನು ಎಣಿಸಿ ನೋಡಿ. 2022ರ ನವೆಂಬರ್ ಮೊದಲ ವಾರ ಇದೇ ತುಮಕೂರಿನಲ್ಲಿ ನಡೆದದ್ದು ಎಲ್ಲರಿಗೂ ನೆನಪಿರಬೇಕು. ಭಾರತಿನಗರದಲ್ಲಿದ್ದ, ತಮಿಳುನಾಡಿನಿಂದ ಬಂದ ಒಬ್ಬ ದಿಕ್ಕಿಲ್ಲದ ಬಡ ಹೆಣ್ಣುಮಗಳು. ತುಂಬು ಗರ್ಭಿಣಿ. ಅಕ್ಕಪಕ್ಕದವರು ಕೈಲಾದಷ್ಟು ಕಾಸು ಕೂಡಿಸಿ ಆಟೋದಲ್ಲಿ ಜಿಲ್ಲಾಸ್ಪತ್ರೆಗೆ ಕರಕೊಂಡು ಹೋದರು. ತಾಯಿ ಕಾರ್ಡಿಲ್ಲ, ಆಧಾರ್ ಇಲ್ಲ ಅಂತ ಸೇರಿಸಿಕೊಳ್ಳದೆ, ಬೆಂಗಳೂರಿನ ವಾಣಿವಿಲಾಸಕ್ಕೆ ಹೋಗಿ ಅಂದರು ಎಂಬುದು ಆರೋಪ. 70 ಕಿಲೋಮೀಟರು ಹೋಗಲು ದುಡ್ಡಿಲ್ಲ. ಮನೆಗೆ ವಾಪಸಾದಳು. ಮರುದಿನ ಮನೆಯಲ್ಲೇ ಹೆರಿಗೆ. ತಾಯಿ, ಅವಳಿ ಕೂಸುಗಳು, ಮೂರು ಜೀವ ಹೋದವು. ಪುಟ್ಟ ಹೆಣ್ಣುಮಗುವೊಂದು ಉಳಿಯಿತು. ಮಂತ್ರಿ ಬಂದರು. ಡಾಕ್ಟರೊಬ್ಬರು, ನರ್ಸುಗಳು ಸಸ್ಪೆಂಡ್ ಆದರು. ಪತ್ರಿಕೆಗಳು 'ಅಮಾನವೀಯ' ಅಂತ ಬರೆದವು.

ಆ ಕಾರ್ಡೇ ಇವತ್ತಿನ ಥರ್ಮಾಮೀಟರು ಅಂತ ಯಾರೂ ಬರೆಯಲಿಲ್ಲ. ಮೈಗೂ ಮದ್ದಿಗೂ ನಡುವೆ ನಿಂತ ಕೈ ಈಗ ಕಾಗದದ್ದು. ಕಾಗದಕ್ಕೆ ಜಾತಿಯಿಲ್ಲ ಅಂತ ಹೇಳುವವರು, ಕಾಗದ ಇಲ್ಲದವರು ಯಾವ ಜಾತಿ, ಯಾವ ವರ್ಗ, ಯಾವ ಭಾಷೆಯವರು ಅಂತ ಒಂದು ಸಲ ನೋಡಲಿ. 'ಅಮಾನವೀಯ' ಎಂಬ ಪದದ ಮೇಲೂ ನನಗೆ ಸಿಟ್ಟಿದೆ. ಅದು ತಪ್ಪನ್ನು ಒಬ್ಬ ಮನುಷ್ಯನ ಎದೆಗೆ ತಳ್ಳಿ ಕೈ ತೊಳೆದುಕೊಳ್ಳುತ್ತದೆ. ತಪ್ಪು ಮಾಡಿದವರಿಗೆ ಶಿಕ್ಷೆ ಬೇಡ ಅಂತಲ್ಲ. ಆದರೆ ಒಂದೇ ರಾತ್ರಿಪಾಳಿಯಲ್ಲಿ ಎಷ್ಟು ಜನ ರೋಗಿಗಳಿಗೆ ಎಷ್ಟು ಜನ ನರ್ಸು, ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ಹುದ್ದೆ ಖಾಲಿ, ಖಾಸಗಿ ವೈದ್ಯಕೀಯ ಕಾಲೇಜುಗಳು ಎದ್ದುನಿಂತ ಈ ಜಿಲ್ಲೆಗೆ 2022ರಲ್ಲೂ ಒಂದು ಸರ್ಕಾರಿ ವೈದ್ಯಕೀಯ ಕಾಲೇಜು ಯಾಕಿರಲಿಲ್ಲ ಎಂಬ ಪ್ರಶ್ನೆಗಳು ಆ ಒಂದು ಪದದ ಹಿಂದೆ ಅಡಗಿ ಕೂರುತ್ತವೆ.

ಗೆಳೆಯರೆ, ನಮ್ಮ ಪದ್ಯಗಳೂ ಇದನ್ನೇ ಮಾಡುತ್ತಿವೆ. ಒಬ್ಬ ಕೆಟ್ಟ ಡಾಕ್ಟರು, ಒಬ್ಬ ಲಂಚಕೋರ, ಕೊನೆಯಲ್ಲಿ ಒಂದು ಬೆಂಕಿ, ಒಂದು ಕೆಂಪು ಸೂರ್ಯ. ಇದು ಸಸ್ಪೆಂಡ್ ಮಾಡುವ ಕಾವ್ಯ. ಮಂತ್ರಿಯೂ ಸಸ್ಪೆಂಡ್ ಮಾಡ್ತಾನೆ, ಕವಿಯೂ ಸಸ್ಪೆಂಡ್ ಮಾಡ್ತಾನೆ. ಫೈಲು ಮುಚ್ಚುತ್ತದೆ. ಬೆಂಚು ಅಲ್ಲೇ ಇರುತ್ತದೆ.

ಬೆಂಚಿನ ಮೇಲೆ ಏನಿದೆ ಅಂತ ಕಣ್ಣಿಟ್ಟು ನೋಡಿದರೆ ಭಾಷೆಯೇ ಸಿಗುತ್ತದೆ. ನಮ್ಮಕ್ಕನ ಮಗ, ಒಂಬತ್ತು ವರ್ಷದವನು, ಜ್ವರ ನೆತ್ತಿಗೇರಿ ಫಿಟ್ಸ್ ಬಂದಾಗ ಗುಬ್ಬಿ ಕಡೆಯ ಹಳ್ಳಿಯಿಂದ ತುಮಕೂರಿನ ಒಂದು ಆಸ್ಪತ್ರೆಗೆ ತಂದೆವು. ಐದು ಗಂಟೆ ಹೊರಗಿದ್ದೆವು. ಆ ಐದು ಗಂಟೆಯಲ್ಲಿ ಎರಡು ಪ್ರಶ್ನೆ ಕೇಳಿಸಿದವು. ಒಂದು, 'ಪೇಷಂಟ್ ಕಡೆಯೋರು ಯಾರು?' ಚೀಟಿ ಮಾಡಿಸೋಕೆ, ರಕ್ತ ತಗೊಂಡು ಲ್ಯಾಬಿಗೆ ಓಡೋಕೆ, ಸ್ಟ್ರೆಚರ್ ತಳ್ಳೋಕೆ. ಇನ್ನೊಂದು, ಮೆಲ್ಲಗೆ ಕೇಳುವ ಪ್ರಶ್ನೆ: 'ಯಾರ ಕಡೆಯೋರು ನೀವು?' ಯಾವ ಎಮ್ಮೆಲ್ಲೆ, ಯಾವ ಮೆಂಬರು, ಯಾವ ಮಠ, ಯಾವ ಜನ ಅಂತ ಅರ್ಥ. ಮೊದಲ ಪ್ರಶ್ನೆಗೆ ನಮ್ಮ ಜನ ಎದ್ದು ನಿಲ್ತಾರೆ. ಎರಡನೆಯದಕ್ಕೆ ತಲೆ ತಗ್ಗಿಸ್ತಾರೆ. ನಾನು ಎರಡು ಮಾತು ಇಂಗ್ಲಿಷಲ್ಲಿ ಆಡಿದಾಗ ಹುಡುಗನ ಹೆಸರು ಕರೆದರು. ಅವನು ಉಳಕೊಂಡ. ಅಂದರೆ ನನ್ನ ಡಿಗ್ರಿಯೇ ನಮ್ಮ ಮನೆಗೆ ಒಂದು 'ಕಡೆ'ಯಾಯಿತು. ಪಕ್ಕದಲ್ಲಿ ಕುಣಿಗಲ್ ಸೀಮೆಯ ಅಜ್ಜಿಯ ತೊಡೆ ಮೇಲೆ ಮಲಗಿದ್ದ ಹುಡುಗಿಗೆ ಅಂಥ ಕಡೆ ಇರಲಿಲ್ಲ. ಅಕ್ಷರ ಕಲಿತವನು ಒಬ್ಬನೇ ಒಳಗೆ ಹೋಗುವ ಬಾಗಿಲು ಇದ್ದರೆ ಆ ಅಕ್ಷರ ಚಳವಳಿಯಲ್ಲ, ಅದೂ ಒಂದು ಶಿಫಾರಸು ಪತ್ರ.

ಒಂದು ಮಾತು ಸ್ಪಷ್ಟವಿರಲಿ. ಕಾಯಿಸುವುದೆಲ್ಲ ಅನ್ಯಾಯವಲ್ಲ. ತುರ್ತು ವಿಭಾಗದಲ್ಲಿ ಮೊದಲು ಬಂದವರಿಗೆ ಮೊದಲು ಎಂಬ ನಿಯಮವಿಲ್ಲ, ಇರಲೂಬಾರದು. ಬಂದ ಕೂಡಲೇ ಉಸಿರು, ನಾಡಿ, ಬಿ.ಪಿ., ಎಚ್ಚರ ನೋಡಿ ಕೆಂಪು, ಹಳದಿ, ಹಸಿರು ಅಂತ ವಿಂಗಡಿಸಬೇಕು. ಕೆಂಪಿನವರು ಆ ಕ್ಷಣವೇ ಒಳಕ್ಕೆ. ಇದಕ್ಕೆ ಟ್ರಯಾಜ್ ಅಂತಾರೆ. ನೆಪೋಲಿಯನ್ನನ ಸೈನ್ಯದ ಸರ್ಜನ್ ಲಾರೆ, ಪದವಿ ನೋಡದೆ ಗಾಯ ನೋಡಿ ಚಿಕಿತ್ಸೆ ಕೊಡುವ ಪದ್ಧತಿ ತಂದ. ಚಕ್ರವರ್ತಿಯ ಸೈನ್ಯದೊಳಗೆ ಹುಟ್ಟಿದ ಸಮಾನತೆ ಇದು. ಕೈ ಮುರಿದವನು ಎದೆನೋವಿನವನಿಗೆ ಜಾಗ ಬಿಟ್ಟು ಕಾಯುವುದು ನ್ಯಾಯ. 'ನಿಮ್ಮ ಮಗುವಿಗಿಂತ ಆ ಮಗುವಿಗೆ ಜಾಸ್ತಿ ಆಗಿದೆ, ನಿಮ್ಮದನ್ನು ಮತ್ತೆ ಇಷ್ಟು ಹೊತ್ತಿಗೆ ನೋಡ್ತೀವಿ' ಅಂತ ಹೇಳಿದರೆ ನಮ್ಮ ಜನ ಕಾಯ್ತಾರೆ. ಯಾಕೆ ಕಾಯಬೇಕು ಅಂತ ಹೇಳದೆ ಕಾಯಿಸುವುದು, ಕಾಯಿಲೆ ನೋಡದೆ ಕಾಗದ ನೋಡಿ, ಕಡೆ ನೋಡಿ ಕಾಯಿಸುವುದು, ಇದು ಜಾತಿಯ ಕೆಲಸ.

ಕಾನೂನು ಏನನ್ನುತ್ತದೆ ಎಂಬುದನ್ನೂ ನಮ್ಮ ಕಾರ್ಯಕರ್ತರು ತಿಳಿದಿರಬೇಕು. ಅಪಘಾತವಾದ ಒಬ್ಬ ಸ್ಕೂಟರ್ ಸವಾರನನ್ನು ಪೊಲೀಸ್ ಕೇಸು ಅಂತ ಆಸ್ಪತ್ರೆಯವರು 20 ಕಿಲೋಮೀಟರ್ ಆಚೆಯ ಇನ್ನೊಂದಕ್ಕೆ ಅಟ್ಟಿದರು. ಗುಬ್ಬಿಯಿಂದ ತುಮಕೂರಿಗಿರುವಷ್ಟೇ ದೂರ. ದಾರಿಯಲ್ಲೇ ಸತ್ತ. ಪರಮಾನಂದ ಕಟಾರ ಹಾಕಿದ ಆ ಕೇಸಿನಲ್ಲಿ 1989ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಜೀವ ಉಳಿಸುವುದು ಮೊದಲು, ಉಳಿದ ಶಾಸ್ತ್ರ ಆಮೇಲೆ. ಸರ್ಕಾರಿ ಡಾಕ್ಟರಿಗೂ ಖಾಸಗಿ ಡಾಕ್ಟರಿಗೂ ಇದು ಒಂದೇ. 1992ರ ಜುಲೈ 8ರಂದು ಬಂಗಾಳದಲ್ಲಿ ಹಕೀಂ ಶೇಖ್ ಎಂಬ ಕೂಲಿ ರೈಲಿನಿಂದ ಬಿದ್ದ. ತಲೆಗೆ ಪೆಟ್ಟು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಬೆಡ್ಡಿಲ್ಲ, ಸೌಲಭ್ಯವಿಲ್ಲ ಅಂತ ವಾಪಸು ಕಳಿಸಿದವು. ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ಖರ್ಚಾಯಿತು. 1996ರಲ್ಲಿ ಕೋರ್ಟು ಇದನ್ನು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಎಂದಿತು, 25,000 ರೂಪಾಯಿ ಪರಿಹಾರ ಕೊಡಿಸಿತು, ದುಡ್ಡಿಲ್ಲ ಎಂಬುದು ಸರ್ಕಾರಕ್ಕೆ ನೆಪವಾಗಬಾರದು ಎಂದಿತು. ಗಮನಿಸಿ: ಅವನು ಕೋರ್ಟಿಗೆ ಒಬ್ಬನೇ ಹೋಗಲಿಲ್ಲ. ಅವನ ಜತೆ ಹೋದದ್ದು ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ, ಕೂಲಿಕಾರರ ಸಂಘ. 'ಯಾರ ಕಡೆಯೋರು?' ಎಂಬ ಪ್ರಶ್ನೆಗೆ ಅವನ ಹತ್ತಿರ ಉತ್ತರವಿತ್ತು.

ನಮ್ಮಲ್ಲಿ ಸಾವಿತ್ರಿಬಾಯಿ ಫುಲೆಯವರ ಪಟಕ್ಕೆ ಜನವರಿ 3ರಂದು ಹಾರ ಹಾಕುತ್ತೇವೆ, ಮೊದಲ ಮೇಷ್ಟ್ರಮ್ಮ ಅಂತ. ಆಕೆ ತೀರಿಕೊಂಡದ್ದು 1897ರ ಮಾರ್ಚ್ 10ರಂದು, ಪ್ಲೇಗಿನಿಂದ. ಪ್ಲೇಗು ತಗುಲಿದ ಒಬ್ಬ ಮಹಾರ ಹುಡುಗನನ್ನು ಬೆನ್ನ ಮೇಲೆ ಹೊತ್ತು ಮಗ ಯಶವಂತನ ಆಸ್ಪತ್ರೆಗೆ ತಂದದ್ದರಿಂದ ರೋಗ ಆಕೆಗೂ ಅಂಟಿತು. ಪಾಠ ಹೇಳಿದ ಸಾವಿತ್ರಿಬಾಯಿ ಪಠ್ಯಕ್ಕೆ ಬಂದಿದ್ದಾರೆ. ಹೊತ್ತುಕೊಂಡು ನಡೆದ ಸಾವಿತ್ರಿಬಾಯಿ ಇನ್ನೂ ಹೊರಗೇ ಇದ್ದಾರೆ. ಕೇರಿಗೂ ಆಸ್ಪತ್ರೆಗೂ ನಡುವಿನ ದಾರಿಯನ್ನು ಮೈಯಲ್ಲಿ ಬರೆದ ಮೊದಲ ಕವಿ ಅಂತ ನಾನು ಆಕೆಯನ್ನು ಓದುತ್ತೇನೆ.

ಹಾಗಾದರೆ ನಮ್ಮ ಕಾವ್ಯಕ್ಕೆ, ಕತೆಗೆ ನಾನು ಕೇಳುವುದಿಷ್ಟೆ. ಬೆಂಕಿ, ಸೂರ್ಯ, ಖಡ್ಗ ಸ್ವಲ್ಪ ದಿನ ಗೋಡೆಗೆ ಒರಗಲಿ. ಎಷ್ಟು ಗಂಟೆಗೆ ಬಂದರು, ಯಾರು ಮೊದಲು ಮುಟ್ಟಿ ನೋಡಿದರು, ಯಾವ ಕಾಗದ ಕೇಳಿದರು, ಎಲ್ಲಿಗೆ ರೆಫರ್ ಮಾಡಿದರು, ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂತು — ಇಷ್ಟು ಬರೆಯಲಿ. ಥರ್ಮಾಮೀಟರು ನಡೆದ ದಾರಿಯಷ್ಟು ಖಚಿತವಾಗಿ ಬರೆಯಲಿ. ಅಂಥ ಪದ್ಯ ಸಭೆಯಲ್ಲಿ ಚಪ್ಪಾಳೆ ತರದೆ ಇರಬಹುದು. ಡಿಎಚ್‌ಓ ಆಫೀಸಿನ ಮುಂದೆ ಅರ್ಜಿಯ ಹಾಗೆ ಓದಲು ಬರುತ್ತದೆ. ಹಳ್ಳಿ ಮೇಷ್ಟ್ರುಗಳು ಹುಡುಗರ ಕೈಲಿ ಇಂಥ ಲೆಕ್ಕ ಬರೆಸಬಹುದು, ಪ್ರಬಂಧವೆಂದೇ. ಸಂಘಟನೆಯ ಹುಡುಗರು ಸರದಿಯಂತೆ ರಾತ್ರಿ ಹೊತ್ತು ಆ ಬೆಂಚಿನ ಮೇಲೆ ಕೂರಬಹುದು. ಗುಬ್ಬಿಯಿಂದಲೋ ಕುಣಿಗಲ್ಲಿಂದಲೋ ಬಂದ ಅಜ್ಜಿಯನ್ನು ಯಾರ ಕಡೆಯೋರು ಅಂತ ಕೇಳಿದಾಗ, ಎದ್ದು ನಿಂತು 'ನಮ್ಮ ಕಡೆಯೋರು' ಅನ್ನಲು ಅಲ್ಲಿ ಜನ ಇರಬೇಕು.