ಮಾತಿಲ್ಲದ ವಾದ್ಯ, ಮಾತುಳ್ಳ ಪದ

ಪುಣೆಯಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ಚಳಿಗಾಲದಲ್ಲಿ ಮಾಕಣಿಗೆ ಬಂದಾಗ, ಅಮೆರಿಕದ ಜಾಝ್ ಗಿಟಾರ್ ವಾದಕ ಕೆನ್ನಿ ಬರೆಲ್ ಅವರು 1966ರಲ್ಲಿ ಹೊರತಂದ ಕ್ರಿಸ್‌ಮಸ್ ಹಾಡುಗಳ ಧ್ವನಿಮುದ್ರಿಕೆಯನ್ನು ನಮಗೆ ಕೇಳಿಸಿದರು. ನಾದ ಇಂಪಾಗಿತ್ತು, ಆದರೆ ಹಬ್ಬ ನಮ್ಮೊಳಗೆ ಇಳಿಯಲಿಲ್ಲ. ಆ ಹಾಡುಗಳನ್ನು ಎಳವೆಯಿಂದ ಹಾಡಿ ಬಲ್ಲವರಿಗೆ ತಂತಿಯ ಒಂದು ಮೀಟೇ ಸಾಕು. ಸಾಹಿತ್ಯ ತಾನಾಗಿ ನೆನಪಿಗೆ ಬರುತ್ತದೆ. ನಮಗೆ ಆ ಸಾಹಿತ್ಯ ಗೊತ್ತಿರಲಿಲ್ಲ.

ಆಗ ನಮಗೆ ನೆನಪಾದವರು ಕದ್ರಿ ಗೋಪಾಲನಾಥರು. ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮಗನಾಗಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ನಿರ್ಮಿಸಿದ, ಜಾಝ್ ಸಂಗೀತದಿಂದ ಜಗತ್ಪ್ರಸಿದ್ಧವಾದ ಈ ವಾದ್ಯದಲ್ಲಿ ಸ್ವರಸ್ಥಾನಗಳು ಕೀಲಿಗಳಿಗೆ ಕಟ್ಟುಬಿದ್ದಿವೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ, ಅಲುಗುವ ಗಮಕ ಅದಕ್ಕೆ ಸಹಜವಲ್ಲ. ವಾದ್ಯವನ್ನು ತಕ್ಕಂತೆ ಮಾರ್ಪಡಿಸಿಕೊಂಡು, ವರ್ಷಗಟ್ಟಲೆ ಉಸಿರನ್ನು ಪಳಗಿಸಿ, ಅವರು ಅದರಿಂದ ಕರ್ನಾಟಕ ಸಂಗೀತವನ್ನು ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು, 2019ರಲ್ಲಿ ನಮ್ಮನ್ನಗಲಿದರು.

ಅವರು ನುಡಿಸಿದ ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ನಮಗೆ ವಿಶೇಷ ಪ್ರಿಯ. ಮಧ್ಯಮಾವತಿ ಮಂಗಳಕರ ರಾಗವೆಂದು ಕಛೇರಿಯ ಕೊನೆಯಲ್ಲಿ ಬರುವುದು ವಾಡಿಕೆ. ಇಲ್ಲಿ ಕದ್ರಿಯವರು ಪಲ್ಲವಿಯನ್ನು ಅಕ್ಷರಗಳ ಹ್ರಸ್ವ ದೀರ್ಘಗಳನ್ನು ಕಾಯ್ದುಕೊಂಡೇ ಊದುತ್ತಾರೆ. ಕರೆಯುವ ದನಿ ಕರೆಯುವಂತೆಯೇ ಕೇಳಿಸುತ್ತದೆ. ಅವರ ಕಛೇರಿಗಳಲ್ಲಿ ಕೆಲವೊಮ್ಮೆ ವೇಗ ಮೇಲುಗೈಯಾಗಿ, ಪದಕ್ಕಿಂತ ಬೆರಳಿನ ಚಮತ್ಕಾರವೇ ಚಪ್ಪಾಳೆ ಗಿಟ್ಟಿಸುತ್ತದೆ ಎಂಬ ಆಕ್ಷೇಪ ನಮಗೂ ಉಂಟು. ಆದರೆ ವಿಳಂಬದಲ್ಲಿ ಅವರು ಹಾಡುಗಾರರೇ ಸರಿ.

ಒಂದು ಶುಕ್ರವಾರ ಸಂಜೆ ಇದನ್ನು ಕೇಳುತ್ತಿದ್ದೆವು. ಮರಾಠಿ ಶಾಲೆಯಲ್ಲಿ ಓದುವ ಮೊಮ್ಮಗ ಬಂದು ಕುಳಿತು ತಾಳ ಹಾಕಿದ. ಮುಗಿದ ಮೇಲೆ, ‘ಅಜ್ಜಾ, ಇದಕ್ಕೆ ಮಾತು ಅದಾವೇನು?’ ಎಂದು ಕೇಳಿದ. ನಮಗೆ ಒಂದು ಕ್ಷಣ ಉತ್ತರ ಹೊಳೆಯಲಿಲ್ಲ. ಗೆಜ್ಜೆಯ ಸದ್ದು, ಕಡೆಯುವಾಗ ತೇಲಿಬರುವ ಬೆಣ್ಣೆಯ ಉಪಮೆ, ಇವೆಲ್ಲ ನಮಗೆ ವಾದ್ಯದಲ್ಲಿಯೇ ಕೇಳಿಸಿದ್ದವು. ಅವನಿಗೆ ಕೇಳಿಸಿದ್ದು ಇಂಪಾದ ರಾಗ ಮಾತ್ರ. ಬರೆಲ್ ಅವರ ಗಿಟಾರಿನ ಮುಂದೆ ನಾವು ಹೇಗೆ ಕುಳಿತಿದ್ದೆವೋ, ನಮ್ಮ ಪುರಂದರದಾಸರ ಮುಂದೆ ನಮ್ಮ ಕುಡಿಯೇ ಹಾಗೆ ಕುಳಿತಿತ್ತು.

ಇದು ವಾದಕರ ಕೊರತೆಯಲ್ಲ. ವಾದ್ಯವು ನೆನಪನ್ನು ಎಚ್ಚರಿಸಬಲ್ಲದು, ಇಲ್ಲದ ನೆನಪನ್ನು ಕೊಡಲಾರದು. ಕೊಡುವ ಹೊಣೆ ಮನೆಯದು. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ನಮ್ಮ ಮನೆಗಳಲ್ಲಿ ಮಾತನಾಡುವ ಕನ್ನಡ ಇನ್ನೂ ಉಳಿದಿದೆ; ಹಾಡುವ ಕನ್ನಡ ಹಿರಿಯರ ಕೊರಳಲ್ಲಿಯೇ ನಿಂತುಹೋಗುತ್ತಿದೆ.

ಅಂದು ರಾತ್ರಿ ನಾವು ಒಂದೊಂದೇ ಸಾಲು ಹೇಳಿಕೊಟ್ಟೆವು. ಅವನು ತನಗೆ ಬರುವ ದೇವನಾಗರಿಯಲ್ಲಿ ಬರೆದುಕೊಂಡ. ಮರುದಿನ ಅದೇ ಮುದ್ರಿಕೆ ಹಚ್ಚಿದಾಗ ಸ್ಯಾಕ್ಸೊಫೋನಿನ ಜೊತೆಗೆ ಅವನ ತುಟಿಗಳೂ ಆಡುತ್ತಿದ್ದವು. ಬರುವ ವರ್ಷದ ಸಮ್ಮೇಳನದ ಹೊತ್ತಿಗೆ ಅದೇ ಸಾಲುಗಳನ್ನು ಅವನು ಕನ್ನಡ ಅಕ್ಷರಗಳಲ್ಲಿ ಬರೆಯುವಂತಾಗಲಿ ಎಂಬುದು ನಮ್ಮ ಹಾರೈಕೆ. ಸಂಘದ ಸದಸ್ಯರೂ ತಮ್ಮ ಮನೆಗಳಲ್ಲಿ ಒಂದು ಪದದಿಂದ ಆರಂಭಿಸಬೇಕೆಂದು ವಿನಂತಿಸುತ್ತೇವೆ.