ಫೋಲ್ಡರ್ ತೆರೆದರೆ ಕೆಲಸ ಶುರು

ಪೈಥಾನ್ ಸಲಕರಣೆಗಳಲ್ಲಿ ನನಗೆ ಬಲು ಪ್ರಿಯವಾದದ್ದು ವೆನ್ವ್. 2012ರಲ್ಲಿ ಪೈಥಾನ್ 3.3ರ ಜೊತೆ ಬಂದ ಇದು ಪ್ರತಿ ಪ್ರಾಜೆಕ್ಟಿಗೂ ಪ್ರತ್ಯೇಕ ಮನೆ ಮಾಡಿಕೊಡುತ್ತದೆ. ಒಂದಕ್ಕೆ ಹಳೆಯ ಜಾಂಗೋ, ಇನ್ನೊಂದಕ್ಕೆ ಹೊಸದು ಬೇಕಾದರೂ ಒಂದೇ ಲ್ಯಾಪ್‌ಟಾಪಿನಲ್ಲಿ ಜಗಳವಿಲ್ಲದೆ ಇರುತ್ತವೆ. 2007ರಲ್ಲೇ ಇಯಾನ್ ಬಿಕಿಂಗ್ ಅವರ ವರ್ಚುವಲ್‌ಎನ್ವ್ ಈ ದಾರಿ ತೋರಿತ್ತು.

ಎಡಿಟರ್ ಜೊತೆ ಸೇರಿದಾಗ ಇದರ ಸೊಗಸೇ ಬೇರೆ. ವಿಎಸ್ ಕೋಡ್‌ನಲ್ಲಿ ಪೈಥಾನ್ ಎಕ್ಸ್‌ಟೆನ್ಷನ್ ಇದ್ದರೆ, 'ಕ್ರಿಯೇಟ್ ಎನ್ವಿರಾನ್ಮೆಂಟ್' ಆಯ್ದು ರಿಕ್ವೈರ್‌ಮೆಂಟ್ಸ್ ಕಡತಕ್ಕೆ ಟಿಕ್ ಹಾಕಿದರಾಯಿತು. ಲೈಬ್ರರಿಗಳೆಲ್ಲ ತಾವಾಗಿ ಬಂದು ಕೂರುತ್ತವೆ. ಟಾಸ್ಕ್ಸ್ ಕಡತದಲ್ಲಿ ಒಂದು ಸಾಲು ಸೇರಿಸಿ ಅನುಮತಿ ಕೊಟ್ಟರೆ, ಫೋಲ್ಡರ್ ತೆರೆದೊಡನೆ ಸಿದ್ಧತೆಯ ಸ್ಕ್ರಿಪ್ಟ್ ಓಡುತ್ತದೆ. ಎಷ್ಟು ಮರ್ಯಾದೆಯ ಕೆಲಸ!

ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುತ್ತಾ ರಜೆಗೆ ಸಿರುಗುಪ್ಪಕ್ಕೋ ಕುರುಗೋಡಿಗೋ ಹೋಗುವ ವಿದ್ಯಾರ್ಥಿಗೆ ಇದು ದೊಡ್ಡ ಉಪಕಾರ. ಊರಲ್ಲಿ ಮೊಬೈಲ್ ಡೇಟಾವೇ ಗತಿಯಾದರೆ, ಕಾಲೇಜಿನ ವೈಫೈಯಲ್ಲೇ 'ಪಿಪ್ ಡೌನ್‌ಲೋಡ್' ಮಾಡಿ ಪ್ಯಾಕೇಜುಗಳನ್ನು ಪೆನ್‌ಡ್ರೈವಿಗೆ ತುಂಬಿಕೊಳ್ಳಬಹುದು. ಮನೆಯ ಕಂಪ್ಯೂಟರಿನಲ್ಲಿ ಅದೇ ಆಪರೇಟಿಂಗ್ ಸಿಸ್ಟಮ್, ಅದೇ ಪೈಥಾನ್ ಆವೃತ್ತಿ ಇದ್ದರೆ ಇಂಟರ್‌ನೆಟ್ಟೇ ಬೇಡ. ಆದರೆ ವೆನ್ವ್ ಫೋಲ್ಡರನ್ನೇ ನಕಲು ಮಾಡಬಾರದು; ಹಳೆಯ ಜಾಗದ ವಿಳಾಸ ಅದರೊಳಗೆ ಅಚ್ಚಾಗಿರುತ್ತದೆ. ಅಳಿಸಿ ಮತ್ತೆ ಕಟ್ಟುವುದೇ ಇಲ್ಲಿನ ರೀತಿ, ಸ್ಕ್ರಿಪ್ಟ್ ಇದ್ದರೆ ಅದಕ್ಕೆ ಹೆಚ್ಚು ಹೊತ್ತೂ ಬೇಕಿಲ್ಲ.

ಡೆಬಿಯನ್ ಲಿನಕ್ಸ್ 12ರಿಂದೀಚೆಗೆ ಸಿಸ್ಟಮ್ ಪೈಥಾನಿಗೆ ನೇರವಾಗಿ ಪ್ಯಾಕೇಜ್ ಹಾಕಹೋದರೆ ಪಿಪ್ ತಡೆಯುತ್ತದೆ; ವೆನ್ವ್ ಒಳಗಾದರೆ ಅಡ್ಡಿಯಿಲ್ಲ. ಆದ್ದರಿಂದ ಲ್ಯಾಬಿನ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಮೊದಲ ಪ್ರೋಗ್ರಾಮಿಗೂ ಮುಂಚೆ ವೆನ್ವ್ ಕಲಿಸಿ.